ಮೆಟ್ಟಿಲ ಹಲಗೆ ಬರೆದವಳು

ಮಕ್ಕಳೇ, ಹೋದ ರಜೆಯಲ್ಲಿ ನೀವಿಬ್ಬರೂ ಗೌರಿಬಿದನೂರಿನಿಂದ ಬಂದಿದ್ದಾಗ, ಮಹಡಿ ಮೆಟ್ಟಿಲ ಪಕ್ಕದ ಗೋಡೆಗೆ ಹೊಡೆದಿರುವ ಹಲಗೆಯನ್ನು ತೋರಿಸಿ, “ಅಜ್ಜಿ, ಇದ್ಯಾರು ಬರ್ದಿದ್ದು? ಮಾಮನ ಅಕ್ಷರ ಇಷ್ಟು ಚೆನ್ನಾಗಿಲ್ಲ” ಎಂದು ಕೇಳಿದಿರಿ. “ಯಾರೋ ಮೇಲಿದ್ದೋರು” ಎಂದು ಹೇಳಿ ನಾನು ಒಳಗೆ ಹೋಗಿಬಿಟ್ಟೆ. ಹಾಗೆ ಹೋಗಿಬಿಡುವುದು ನನ್ನ ಹಳೆಯ ಚಾಳಿ. ನಾಲ್ಕು ಜನ ಸೇರಿದ ಕಡೆ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಬರೆಯುವುದು ಬರುತ್ತದೆ, ಮಾತಾಡುವುದು ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಅವತ್ತು ಹೇಳದೆ ಹೋದದ್ದನ್ನು ಈ ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಆ ಹಲಗೆ ಬರೆದವಳು ಒಬ್ಬ ಹುಡುಗಿ. ಹುಡುಗಿ ಎಂದರೆ ಮೂವತ್ತರ ಹತ್ತಿರದ ವಯಸ್ಸು, ಡಾಕ್ಟರೇಟು ಮಾಡಿದವಳು. ಸಮುದ್ರದ ಜೀವಿಗಳನ್ನು ಓದಿದವಳು. ಹೆಸರು ಹಾಕುವುದಿಲ್ಲ, ಅವಳನ್ನು ಕೇಳದೆ ಬರೆಯುತ್ತಿದ್ದೇನೆ. ಮನೆಯಲ್ಲಿ ಅವಳನ್ನು ಮೀನ್ ಮೇಡಂ ಎನ್ನುತ್ತಿದ್ದರು. ನಿಮ್ಮ ಮಾಮ ಇಟ್ಟ ಹೆಸರು. “ನಾನು ಓದಿದ್ದು ಮೀನಲ್ಲ ಅಣ್ಣ, ಚಿಪ್ಪು” ಎಂದು ಅವಳು ಎಷ್ಟು ಸಲ ಹೇಳಿದರೂ, “ಚಿಪ್ಪು ಮೇಡಂ ಅಂದ್ರೆ ಮರ್ಯಾದೆ ಇರಲ್ಲ ಮೇಡಂ” ಎಂದು ಅವನು ಬಿಡಲಿಲ್ಲ.

ಸಮುದ್ರ ಓದಿದವಳು ನಮ್ಮ ದಿಬ್ಬೂರಹಳ್ಳಿಗೆ ಯಾಕೆ ಬಂದಳು ಎಂದರೆ, ಒಂದು ಕೂಸಿನ ದೆಸೆಯಿಂದ. ನಿಮ್ಮ ಅತ್ತೆ ಕೆಂಚಾರ್ಲಹಳ್ಳಿಯವಳಲ್ಲವೇ, ಅವಳು ಚಿಂತಾಮಣಿಯಲ್ಲಿ ಕಾಲೇಜಿಗೆ ಹೋಗುವಾಗ ಜೊತೆಯಲ್ಲಿ ಓದಿದ ಗೆಳತಿಯ ತಂಗಿ ಈ ಹುಡುಗಿ. ಆ ಗೆಳತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮನೆ ತುಂಬ ನೆಂಟರು, ಕೂಸಿನ ಅಳು, ಸಾಂಬ್ರಾಣಿ ಹೊಗೆ. ತಂಗಿಗೆ ಕೂತು ಬರೆಯುವ ಕೆಲಸವಿತ್ತು. ಎರಡು ತಿಂಗಳಿಗೆ ಒಂದು ಸದ್ದಿಲ್ಲದ ಕೋಣೆ ಬೇಕು ಎಂದರು. ನಮ್ಮ ಮಹಡಿ ಕೋಣೆ ಖಾಲಿಯಿತ್ತು. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಒಂದು ಬೆನ್ನಚೀಲ ಮತ್ತು ಒಂದು ಬಕೆಟ್ಟು ಹಿಡಿದುಕೊಂಡು ಬಸ್ಸಿನಿಂದ ಇಳಿದಳು.

ಆ ಬಕೆಟ್ಟು ಯಾಕೆಂದು ಆಮೇಲೆ ಗೊತ್ತಾಯಿತು. ಬರೆಯುವಾಗ ಅದರಲ್ಲಿ ನೀರು ತುಂಬಿ ಎರಡೂ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ನಾಲ್ಕು ವರ್ಷ ನೀರಿನಲ್ಲೇ ನಿಂತು ಕೆಲಸ ಮಾಡಿದ್ದರಿಂದ ಕಾಲು ಒಣಗಿದ್ದರೆ ತಲೆ ಓಡುವುದಿಲ್ಲವಂತೆ. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ಏನು ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದಳು, ಮುದ್ದೆಯನ್ನೂ ಮೂಸಿದಳು. ಬಂದ ದಿನ ನನ್ನನ್ನು ಆಂಟಿ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಮಾರನೆಯ ದಿನ ನೀವು ಫೋನಿನಲ್ಲಿ ಅಜ್ಜಿ ಅಜ್ಜಿ ಎಂದು ಕೂಗುವುದನ್ನು ಕೇಳಿಸಿಕೊಂಡು ಅವಳೂ ಅಜ್ಜಿ ಎಂದುಬಿಟ್ಟಳು. ನಿಮ್ಮಿಂದ ನನಗೆ ಆದ ನಷ್ಟ ಅದು.

ಊರಿನವರು ಅವಳನ್ನು ಪರೀಕ್ಷೆ ಮಾಡಿದರು. ಕೆರೆಯಲ್ಲಿ ಹಿಡಿದ ಒಂದು ಮೀನನ್ನು ಪಕ್ಕದ ತೋಟದ ಮುನಿಯಪ್ಪ ದಾರಕ್ಕೆ ಪೋಣಿಸಿ ತಂದು, “ಇದ್ಯಾವ ಮೀನು ಹೇಳಮ್ಮಣ್ಣಿ” ಎಂದ. ಅವಳು ಮೀನನ್ನು ತಿರುಗಿಸಿ, ಕಿವಿರು ಬಿಡಿಸಿ ನೋಡಿ, “ಗೊತ್ತಿಲ್ಲ” ಎಂದಳು. “ಅಷ್ಟ್ ವರ್ಷ ಓದಿ ಮೀನಿನ ಹೆಸರೇ ಗೊತ್ತಿಲ್ವಾ!” ಎಂದು ಅವನು ನಕ್ಕದ್ದು ಹಾಲಿನ ಡೈರಿಯವರೆಗೂ ಹೋಯಿತು. ಅವಳಿಗೇನೂ ಬೇಜಾರಿಲ್ಲ. “ಇದರ ಹೆಸರೇನು ನೀವೇ ಹೇಳಿ, ಬರ್ಕೋತೀನಿ” ಎಂದು ತುರುಬಿನ ಪೆನ್ಸಿಲಿಗೆ ಕೈ ಹಾಕಿದಳು. ಮುನಿಯಪ್ಪ ತಲೆ ಕೆರೆದುಕೊಂಡ. ಅವನಿಗೂ ಗೊತ್ತಿರಲಿಲ್ಲ.

ನಾನು ಸಮುದ್ರ ನೋಡಿಲ್ಲ ಎಂದಾಗ ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, “ಕೆರೆ ಕೋಡಿ ಬಿದ್ದ ದಿನ ಕಟ್ಟೆ ಮೇಲೆ ನಿಂತು ನೋಡಿದೀರಲ್ಲ ಅಜ್ಜಿ, ಆ ಕಡೆ ದಡ ಇಲ್ಲ ಅಂದ್ಕೊಳ್ಳಿ” ಎಂದಳು. ಕಣ್ಣು ಮುಚ್ಚಿ ಅಂದುಕೊಂಡೆ. ಸ್ವಲ್ಪ ಹೆದರಿಕೆಯಾಯಿತು.

ಅವಳು ಬರೆಯಲು ಬಂದದ್ದು ಏನೆಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಕರಾವಳಿಯಲ್ಲಿ ಒಂದು ಹೊಳೆ ಸಮುದ್ರಕ್ಕೆ ಸೇರುವ ಜಾಗ, ಅದಕ್ಕೆ ಅಳಿವೆ ಎನ್ನುತ್ತಾರೆ, ಅಲ್ಲಿ ಕೆಸರಿನಲ್ಲಿ ಸಿಗುವ, ಒಳಗೆ ತಿನ್ನುವ ಮಾಂಸವಿರುವ ಚಿಪ್ಪುಗಳನ್ನು ಅವಳು ನಾಲ್ಕು ವರ್ಷ ಎಣಿಸಿದ್ದಳು. ಆ ಊರ ಹೆಂಗಸರು ನೀರು ಇಳಿದ ಹೊತ್ತಿನಲ್ಲಿ ಬುಟ್ಟಿ ಹಿಡಿದು ಹೋಗಿ ಚಿಪ್ಪು ಹೆಕ್ಕಿ ತಂದು ಮಾರಿ ಮನೆ ನಡೆಸುತ್ತಾರೆ. ವರ್ಷದಿಂದ ವರ್ಷಕ್ಕೆ ಚಿಪ್ಪು ಕಮ್ಮಿಯಾಗುತ್ತಿತ್ತು. ಅದನ್ನು ಉಳಿಸಲು ಯಾವ ನಿಯಮ ಮಾಡಬೇಕು ಎಂದು, ಸರ್ಕಾರಕ್ಕೆ ಸಲಹೆ ಕೊಡುವ ಒಂದು ಸಂಸ್ಥೆಯವರು ಇವಳಿಂದ ಟಿಪ್ಪಣಿ ಕೇಳಿದ್ದರು. ಅದು ಸರಿಯಾದರೆ ಆ ಸಂಸ್ಥೆಯಲ್ಲೇ ಕೆಲಸ.

ಇವಳು ಮೊದಲ ಟಿಪ್ಪಣಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಇಡೀ ಅಳಿವೆಯನ್ನು ಮುಚ್ಚಬೇಕು, ಯಾರೂ ಇಳಿಯಬಾರದು ಎಂದು ಬರೆದಿದ್ದಳು. ಅದನ್ನು ಆ ಹೆಂಗಸರ ಮುಂದೆ ಓದಿದಾಗ ಅವರು ಒಬ್ಬೊಬ್ಬರಾಗಿ ಸೆರಗು ಕೊಡವಿಕೊಂಡು ಎದ್ದು ಹೋದರಂತೆ.

“ಬೈದಿದ್ರೆ ಚೆನ್ನಾಗಿತ್ತು ಅಜ್ಜಿ. ನಾಲ್ಕು ವರ್ಷ ಅವರ ಮನೇಲೇ ಗಂಜಿ ಕುಡಿದಿದೀನಿ. ಒಂದ್ ಮಾತೂ ಆಡ್ಲಿಲ್ಲ.”

ಸಂಸ್ಥೆಯವರು ದಸರಾದವರೆಗೆ ಸಮಯ ಕೊಟ್ಟು ಇನ್ನೊಮ್ಮೆ ಬರೆದುಕೊಡು ಎಂದಿದ್ದರು. “ಈ ಸಲನೂ ತಪ್ಪಿದ್ರೆ ನಾನು ವಾಪಸ್ ಲ್ಯಾಬಿಗೆ ಹೋಗ್ತೀನಿ, ನನಗೇನೂ ಇಲ್ಲ. ಅಲ್ಲಿ ಚಿಪ್ಪುಗಳು ಅವರ ಥರ ಎದ್ದು ಹೋಗಲ್ಲ. ಆದ್ರೆ ಆ ಮೊದಲನೇ ಟಿಪ್ಪಣಿನೇ ನಿಂತ್ಬಿಡುತ್ತೆ. ಆ ಮನೆಗಳಲ್ಲಿ ನಾಲ್ಕು ತಿಂಗಳು ಒಲೆ ಉರಿಯಲ್ಲ” ಎಂದಳು. ಹೇಳುವಾಗ ಬಕೆಟ್ಟಿನಲ್ಲಿ ಅವಳ ಕಾಲು ಅಲ್ಲಾಡುತ್ತಲೇ ಇತ್ತು.

ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಹುಳು ಮೇಯುತ್ತಿತ್ತು. ಮಹಡಿ ಕೋಣೆಯ ಕೆಳಗೇ ನಮ್ಮ ರೇಷ್ಮೆ ಹುಳುವಿನ ಮನೆ ಇರುವುದು ನಿಮಗೆ ಗೊತ್ತು. ಹುಳು ಚರ್ಮ ಬಿಡಲು ಸೊಪ್ಪು ತಿನ್ನದೆ ತಲೆಯೆತ್ತಿ ಕೂರುವುದನ್ನು ನಾವು ಜ್ವರ ಎನ್ನುತ್ತೇವಲ್ಲ, ಅದನ್ನು ನೋಡಿ ಅವಳು ಕುಣಿದಾಡಿದಳು. “ಏಡಿನೂ ಹಿಂಗೇ ಅಜ್ಜಿ! ಚಿಪ್ಪು ಕಳಚೋವಾಗ ಊಟ ಬಿಡುತ್ತೆ!” ದಿನಾ ಬೆಳಿಗ್ಗೆ ಕೈಕಾಲು ತೊಳೆದು, ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು. ಒಳಗೆ ಬರಲು ನಾವು ಹೇಳಲಿಲ್ಲ, ಅವಳೂ ಬರಲಿಲ್ಲ. ಮರ್ಯಾದೆ ತಿಳಿದವಳು ಎಂದುಕೊಂಡೆ. ಅವಳಿಗೆ ಎಲ್ಲ ತಿಳಿದಿದೆ ಎಂದು ನಾನು ನಂಬಿದ್ದು ಅಲ್ಲಿಂದಲೇ ಇರಬೇಕು.

ಸಂತೆಯ ದಿನ ಅವಳು ಅಂಗಡಿಯಿಂದ ಬರುವಾಗ ನಾನು ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದೆ. ಅವಳ ಕೈಚೀಲದಲ್ಲಿ ಸೊಳ್ಳೆ ಬತ್ತಿಯ ಪೊಟ್ಟಣ ಕಾಣಿಸಿತು. ಹುಳು ಸಾಕುವ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು. ಸೊಳ್ಳೆಯನ್ನು ಕೊಲ್ಲುವುದು ಹುಳುವನ್ನೂ ಕೊಲ್ಲುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಬೆಂಕಿ ಸುಡುತ್ತದೆ ಎಂದು ಹೇಳಿಕೊಡುವುದಿಲ್ಲವಲ್ಲ ಹಾಗೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ಓದಿದವಳಿಗೆ ನಾನು ಹೇಳುವುದೇ? ಊರಿಗೆ ತೆಗೆದುಕೊಂಡು ಹೋಗಲು ಕೊಂಡಿರಬಹುದು. ಅವಳು “ಏನಜ್ಜಿ?” ಎಂದಳು. ನಾನು “ಏನಿಲ್ಲ ಕಣಮ್ಮ, ಬಿಸಿಲು ಜಾಸ್ತಿ ಅಲ್ವಾ” ಎಂದೆ. ಅವತ್ತು ಬಿಸಿಲೇ ಇರಲಿಲ್ಲ, ಮೋಡ ಕವಿದಿತ್ತು.

ಮಾರನೆಯ ಬೆಳಿಗ್ಗೆ ನಿಮ್ಮ ಅತ್ತೆ ಸೊಪ್ಪು ಹಾಕಲು ಹೋದವಳು ಅಲ್ಲಿಂದಲೇ ಕಿರುಚಿದಳು. ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಮೇಯಬೇಕಾದ ಹುಳು. ಹೋಗಿ ನೋಡಿದರೆ ಮೇಯುವ ಸದ್ದೇ ಇಲ್ಲ. ಮೆಟ್ಟಿಲ ಕಡೆಯ ಅಟ್ಟಣೆಯ ತಟ್ಟೆಗಳ ತುಂಬ ಹುಳುಗಳು ತಲೆ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ, ಮುದುಡಿ ಬಿದ್ದಿದ್ದವು. ನಿಮ್ಮ ಮಾಮ ಒಂದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ.

“ಔಷಧಿ ಗಾಳಿ ಬಡಿದಿದೆ. ಮುನಿಯಪ್ಪನೇ! ನೆನ್ನೆ ಟೊಮೊಟೊಗೆ ಹೊಡೀತಿದ್ದ. ಹುಳ ಇದೆ, ಗಾಳಿ ನೋಡಿ ಹೊಡಿಯಯ್ಯ ಅಂತ ಎಷ್ಟ್ ಸಲ ಹೇಳಿದೀನಿ? ಇವತ್ತು ಬಿಡಲ್ಲ ಅವನ್ನ.”

ಪಂಚೆ ಎತ್ತಿ ಕಟ್ಟಿದ. ಮುನಿಯಪ್ಪನ ಮನೆಗೂ ನಮಗೂ ನಿಮ್ಮ ತಾತನ ಕಾಲದಿಂದ ಒಂದೇ ಬಾವಿಯ ನೀರು. ಅಷ್ಟರಲ್ಲಿ ಸದ್ದು ಕೇಳಿ ಆ ಹುಡುಗಿ ಮೆಟ್ಟಿಲಿಳಿದು ಬಂದಳು. ಹುಳುಗಳನ್ನು ನೋಡಿದಳು. ಎಂದಿನಂತೆ ಗಾಳಿಯನ್ನು ಮೂಸಿದಳು. ತಿರುಗಿ ಮೆಟ್ಟಿಲನ್ನೂ ತನ್ನ ಕೋಣೆಯ ಬಾಗಿಲನ್ನೂ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಂಡೆ.

ನಿಮ್ಮ ತಾತ ಇರುವವರೆಗೂ ಈ ಮನೆಯ ಮಾತೆಲ್ಲ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ನಿಮ್ಮ ಮಾಮ. ನಾನು ಜೋರಾಗಿ ಮಾತಾಡಿದ್ದು ನನಗೇ ನೆನಪಿಲ್ಲ. ಆದರೆ ಅವನು ಗೇಟು ದಾಟುತ್ತಿದ್ದ. “ನಿಂತ್ಕೊಳ್ಳೋ!” ಎಂದು ಕೂಗಿದೆ. ನನ್ನ ಗಂಟಲೇ ಅದು ಎಂದು ಅವನಿಗೆ ನಂಬಿಕೆಯಾಗದೆ ನಿಂತುಬಿಟ್ಟ.

“ಮುನಿಯಪ್ಪ ಅಲ್ಲ. ಸೊಳ್ಳೆ ಬತ್ತಿ. ಇವಳು ತಂದಿದ್ದು ನಾನು ನೋಡ್ದೆ. ನೋಡೀನೂ ಹೇಳ್ಲಿಲ್ಲ. ತಪ್ಪು ನಂದು.”

“ಅಲ್ಲ ಅಣ್ಣ, ಹಚ್ಚಿದ್ದು ನಾನು” ಎಂದಳು ಅವಳು. “ಅಜ್ಜಿದೇನಿಲ್ಲ. ಕೀಟಕ್ಕೆ ಹಾಕಿದ್ದು ಕೀಟಕ್ಕೆ ತಾಗುತ್ತೆ ಅಂತ ನನಗೆ ಹೊಳೀಬೇಕಿತ್ತು. ಜೀವಿಗಳನ್ನೇ ಓದಿರೋದು ನಾನು.”

ನಿಮ್ಮ ಮಾಮ ನಮ್ಮಿಬ್ಬರನ್ನೂ ಒಂದು ಸಲ ನೋಡಿದ. ಕಟ್ಟಿದ ಪಂಚೆ ಇಳಿಬಿಟ್ಟ. “ತಪ್ಪನ್ನ ಆಮೇಲೆ ಹಂಚ್ಕೊಳ್ಳಿ. ಮೊದ್ಲು ಕಿಟಕಿ ತೆಗೀರಿ” ಎಂದ.

ಉಳಿದ ಹುಳುವನ್ನೆಲ್ಲ ಗಾಳಿಯಾಡುವ ಕಡೆಗೆ ಸಾಗಿಸಿ ಹೊಸ ಸೊಪ್ಪು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಮೇಯುವ ಸದ್ದು ಮತ್ತೆ ಬಂತು. ಒಂದು ಅಟ್ಟಣೆ ಹುಳು ಮಾತ್ರ ಹೋಯಿತು. ಅದನ್ನು ತಿಪ್ಪೆಯ ಗುಂಡಿಗೆ ಹೊತ್ತು ಹಾಕಿದವಳು ಅವಳೇ, ಯಾರಿಗೂ ಕೊಡಲಿಲ್ಲ. ಸಂಜೆ ಬೆನ್ನಚೀಲ ಕಟ್ಟಿಕೊಂಡು ಕೆಳಗಿಳಿದಳು. ನಿಮ್ಮ ಅತ್ತೆ ಮೆಟ್ಟಿಲಿಗೆ ಅಡ್ಡ ನಿಂತಳು.

“ಎಲ್ಲಿಗ್ ಹೊರಟೆ ತಾಯಿ? ನಮ್ಮ ಹುಳ ಸಾಯಿಸಿ ಬಸ್ ಹತ್ತೋಗ್ತೀಯಾ? ನಾಳೆ ಬೆಳಿಗ್ಗೆ ಸೊಪ್ಪು ಕೊಯ್ಯೋದಿದೆ. ಕುಡುಗೋಲು ಅಲ್ಲಿದೆ ನೋಡು.”

ಅವಳು ಅಳುತ್ತಿದ್ದವಳು ನಕ್ಕುಬಿಟ್ಟಳು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೂ ದಿನವೂ ಬೆಳಿಗ್ಗೆ ಸೊಪ್ಪು ಕೊಯ್ದಳು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ನಿಮ್ಮ ಅತ್ತೆಗಿಂತ ಅವಳ ಕೈ ಚುರುಕು. ನಾಲ್ಕು ವರ್ಷ ಕೆಸರಿನಲ್ಲಿ ಚಿಪ್ಪು ಆರಿಸಿದ ಕೈ.

ಹುಳುವೆಲ್ಲ ಚಂದ್ರಿಕೆಗೆ ಹೋದ ಮೇಲೆ ಹಲಗೆ ಬರೆದದ್ದು. ಮುಂದೆ ಮಹಡಿಗೆ ಬರುವವರು ಇದೇ ತಪ್ಪು ಮಾಡಬಾರದು ಎಂದು ಅವಳು ಮೊದಲು ಒಂದು ಕಾಗದದಲ್ಲಿ ಬರೆದು ತಂದಳು. ಹನ್ನೊಂದು ಸಾಲು. ಯಾವ ಯಾವ ಔಷಧಿ, ಎಷ್ಟು ದೂರ, ಯಾವ ಯಾವ ಹೊತ್ತು, ಯಾಕೆ, ಎಲ್ಲ ಇತ್ತು. ನಿಮ್ಮ ಮಾಮ ಓದಿ, “ಇದನ್ನ ಓದಿ ಮುಗಿಸೋಷ್ಟರಲ್ಲಿ ಸೊಳ್ಳೆಗೇ ವಯಸ್ಸಾಗಿರುತ್ತೆ ಮೇಡಂ” ಎಂದ. ಅವಳು ನನ್ನ ಕಡೆ ತಿರುಗಿದಳು.

“ಅಜ್ಜಿ, ನೀವಾಗಿದ್ರೆ ಅವತ್ತು ನನಗೆ ಏನಂತ ಹೇಳ್ತಿದ್ರಿ?”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಎದ್ದು ಒಳಗೆ ಹೋಗಲು ಅವಳು ಬಿಡಲಿಲ್ಲ, ಕೈ ಹಿಡಿದಿದ್ದಳು. ನೆಲ ನೋಡಿಕೊಂಡು ಹೇಳಿದೆ: “ಕೆಳಗೆ ಹುಳ ಇದೆ ಕಣಮ್ಮ. ಸೊಳ್ಳೆಗೆ ಏನೂ ಹಚ್ಚಬೇಡ. ಸೊಳ್ಳೆ ಪರದೆ ಇದೆ, ಕೇಳು, ಕೊಡ್ತೀನಿ.”

ಅವಳು ತನ್ನ ಕಾಗದವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ, “ನನ್ನ ಹನ್ನೊಂದು ಸಾಲಲ್ಲಿ ಪರದೆ ಎಲ್ಲೂ ಇಲ್ಲ” ಎಂದಳು. ಕಾಗದ ಮಡಿಸಿಟ್ಟು, “ಅಜ್ಜಿ, ಅವತ್ತು ಯಾಕೆ ಹೇಳ್ಲಿಲ್ಲ? ಬೇಜಾರಿಗಲ್ಲ, ತಿಳ್ಕೊಳ್ಳೋಕೆ ಕೇಳ್ತಿದೀನಿ” ಎಂದಳು.

“ಓದಿದೋಳು, ನಿನಗೆ ಗೊತ್ತೇ ಇರುತ್ತೆ ಅಂದ್ಕೊಂಡೆ.”

ಅಷ್ಟೇ ನಾನು ಹೇಳಿದ್ದು. ಆ ಸಂಜೆ ನಾನು ಹೇಳಿದ ಮೂರು ಸಾಲನ್ನೇ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದು ಗೋಡೆಗೆ ಹೊಡೆದಳು. “ಇದು ನಾನು ಬರೆದ ಮೊದಲನೇ ಕಾನೂನು” ಎಂದಳು. ಮಾರನೆಯ ದಿನ ಬಸ್ಸು ಹತ್ತಿದಳು. ಬೆನ್ನಚೀಲ, ಬಕೆಟ್ಟು ಎರಡನ್ನೂ ಮಹಡಿ ಕೋಣೆಯಲ್ಲೇ ಬಿಟ್ಟಿದ್ದಳು. ಎಲ್ಲಿಗೆ ಎಂದರೆ ಅಳಿವೆಗೆ. ದಸರಾಕ್ಕೆ ಇನ್ನು ಎರಡೇ ವಾರವಿತ್ತು.

ಒಂಬತ್ತು ದಿನ ಬಿಟ್ಟು ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಮನೆಯೊಳಗೆ ಕಾಲಿಡುವ ಮೊದಲೇ ಹೇಳಲು ಶುರು ಮಾಡಿದಳು. ಆ ಹೆಂಗಸರು ಮೊದಲ ಎರಡು ದಿನ ಮಾತೇ ಆಡಲಿಲ್ಲವಂತೆ. ಇವಳು ಸುಮ್ಮನೆ ಅವರ ಜೊತೆ ಕೂತು ಚಿಪ್ಪು ಬಿಡಿಸಿದಳಂತೆ. ಮೂರನೆಯ ದಿನ ಅವರ ಪೈಕಿ ಹಿರಿಯಳಿಗೆ, “ನಿಮಗೆಲ್ಲ ಗೊತ್ತಿದ್ದು, ನನಗೆ ಗೊತ್ತಿರುತ್ತೆ ಅಂತ ಹೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ?” ಎಂದು ಕೇಳಿದಳಂತೆ. ಆಕೆ ಕತ್ತಿ ಕೆಳಗಿಟ್ಟು ಇವಳ ಮುಖ ನೋಡಿ, “ನಡುವಿನ ದಿಬ್ಬದ ವಿಷಯ ನಿನಗೆ ಗೊತ್ತಿಲ್ಲವಾ?” ಎಂದಳಂತೆ.

ಅಳಿವೆಯ ನಡುವೆ ಒಂದು ಮರಳ ದಿಬ್ಬವಿದೆ. ನೀರು ಎಷ್ಟೇ ಇಳಿದರೂ ಆ ಹೆಂಗಸರು ಅದರ ಮೇಲೆ ಕಾಲಿಡುವುದಿಲ್ಲ. ಅದಕ್ಕೆ ತಾಯಿ ದಿಬ್ಬ ಎನ್ನುತ್ತಾರೆ. ಅಲ್ಲಿನ ಚಿಪ್ಪು ಹೆಕ್ಕಿದರೆ ಮುಂದಿನ ವರ್ಷಕ್ಕೆ ಮರಿಯಿಲ್ಲ ಎಂದು ಅವರ ಅಜ್ಜಿಯರ ಕಾಲದಿಂದಲೂ ಬಂದ ಕಟ್ಟುಪಾಡು. ಈಚೆಗೆ ಹೊರಗಿನಿಂದ ದೋಣಿಯಲ್ಲಿ ಬರುವವರು ಕಬ್ಬಿಣದ ಹಲ್ಲಿನ ಬಲೆ ಹಾಕಿ ಆ ದಿಬ್ಬವನ್ನೇ ಕೆರೆದುಕೊಂಡು ಹೋಗುತ್ತಿದ್ದರು. ಹೆಂಗಸರು ಹೆಕ್ಕಿದ್ದರಿಂದಲ್ಲ, ಅದರಿಂದ ಚಿಪ್ಪು ಕಮ್ಮಿಯಾದದ್ದು.

“ಆ ದಿಬ್ಬದಲ್ಲಿ ಮಾತ್ರ ಚಿಪ್ಪು ಯಾಕೆ ದೊಡ್ಡದು ಅಂತ ನಾಲ್ಕು ವರ್ಷ ತಲೆ ಕೆಡಿಸ್ಕೊಂಡಿದೀನಿ ಅಜ್ಜಿ. ಕಾರಣ ತಿಳಿದಿಲ್ಲ ಅಂತ ಬರೆದಿದ್ದೆ. ಕಾರಣ ನನ್ನ ಪಕ್ಕದಲ್ಲೇ ಬುಟ್ಟಿ ಹಿಡ್ಕೊಂಡು ನಿಂತಿತ್ತು. ಯಾಕೆ ಹೇಳ್ಲಿಲ್ಲ ಅಂದ್ರೆ ಏನಂದ್ರು ಗೊತ್ತಾ?”

ನನಗೆ ಗೊತ್ತಿತ್ತು, ನಾನು ಅಂದದ್ದೇ ಅವರೂ ಅಂದಿರಬೇಕು.

ಉಳಿದ ದಿನ ಕೂತು ಹೊಸ ಟಿಪ್ಪಣಿ ಬರೆದಳು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕನ್ನಡದ್ದನ್ನು ನನಗೆ ಓದಿ ಹೇಳಿದಳು. ನನಗೆ ತಿಳಿಯದ ಕಡೆ ಕೈ ಎತ್ತಬೇಕೆಂದು ಒಪ್ಪಂದ. ಮೊದಮೊದಲು ನಾಚಿಕೆಯಾಯಿತು. ಆಮೇಲೆ ಎಷ್ಟು ಸಲ ಕೈ ಎತ್ತಿದೆನೆಂದರೆ, “ಅಜ್ಜಿ, ಒಂದು ಸಾಲಾದ್ರೂ ದಾಟೋಕೆ ಬಿಡಿ” ಎಂದಳು. ತಾಯಿ ದಿಬ್ಬಕ್ಕೆ ಯಾರೂ ಇಳಿಯಬಾರದು, ಕಬ್ಬಿಣದ ಹಲ್ಲಿನ ಬಲೆ ಅಳಿವೆಯಲ್ಲೆಲ್ಲೂ ಬೇಡ, ಬುಟ್ಟಿ ಹಿಡಿದು ಬರುವ ಹೆಂಗಸರಿಗೆ ಉಳಿದ ಜಾಗವೆಲ್ಲ ವರ್ಷಪೂರ್ತಿ ತೆರೆದಿರಬೇಕು, ಕಾವಲು ಅವರದೇ. ಇಷ್ಟು ಅದರ ಸಾರ. ಆಯುಧಪೂಜೆಯ ಹಿಂದಿನ ದಿನ ಕಳಿಸಿದಳು. ಪೂಜೆಗೆ ನಿಮ್ಮ ಮಾಮನ ಕುಡುಗೋಲು, ಚಂದ್ರಿಕೆಗಳ ಜೊತೆ ತನ್ನ ಪೆನ್ಸಿಲನ್ನೂ ಇಟ್ಟಳು.

ಉಗಾದಿಯ ಹೊತ್ತಿಗೆ ಫೋನ್ ಬಂತು. ದಿಬ್ಬದ ಮಾತನ್ನೂ ಹೆಂಗಸರ ಮಾತನ್ನೂ ಒಪ್ಪಿದ್ದರು. ಬಲೆಯ ವಿಷಯದಲ್ಲಿ ಮಾತ್ರ ಇನ್ನೂ ಜಗ್ಗಾಟವಿದೆ, ಈಗಲೂ ಇದೆ. ಆ ಸಂಸ್ಥೆಯ ಕೆಲಸಕ್ಕೆ ಸೇರಿದ್ದಾಳೆ. ಲ್ಯಾಬಿಗೆ ವಾಪಸು ಹೋಗಲಿಲ್ಲ. ಈಗ ಬೇರೆ ಬೇರೆ ಕಡಲ ಊರುಗಳಿಗೆ ಹೋಗುತ್ತಾಳಂತೆ, ಹೋದ ಕಡೆಯೆಲ್ಲ ಅದೇ ಪ್ರಶ್ನೆ ಕೇಳುತ್ತಾಳಂತೆ. “ಕಾಲು ಒಣಗಿಬಿಟ್ಟಿದೆ ಅಜ್ಜಿ, ಬರೀ ಮೀಟಿಂಗು” ಎಂದಳು. ಕೊರಗಿನ ಧ್ವನಿಯಲ್ಲ, ನಗುತ್ತಿದ್ದಳು. ಬಕೆಟ್ಟು ಇಲ್ಲೇ ಇದೆ. ತೆಗೆದುಕೊಂಡು ಹೋಗು ಎಂದರೆ ಬರಲು ಒಂದು ನೆಪ ಇರಲಿ ಎನ್ನುತ್ತಾಳೆ.

ಈ ವರ್ಷ ಶಾಲೆ ಶುರುವಾದಾಗ ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರೊಬ್ಬರು ಮಹಡಿ ಕೋಣೆಗೆ ಬಂದರು. ಅವರು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ನಾನು ಸೊಳ್ಳೆ ಪರದೆ ಮಡಿಸಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮಂಡಿ ನೋವು, ಎರಡು ಕಡೆ ನಿಂತೆ.

“ಕೆಳಗೆ ಹುಳ ಇದೆ ಕಣಮ್ಮ. ಸೊಳ್ಳೆಗೆ ಏನೂ ಹಚ್ಚಬೇಡ. ತಗೋ ಪರದೆ.”

“ಗೊತ್ತಾಯ್ತಮ್ಮ, ಹಲಗೆ ಓದ್ದೆ” ಎಂದರು ಅವರು. “ಇದಕ್ಕೆ ನೀವ್ಯಾಕೆ ಹತ್ತಿ ಬರೋಕೆ ಹೋದ್ರಿ?”

“ಓದಿರ್ತೀಯ” ಎಂದೆ. “ಆದ್ರೂ ಹೇಳ್ಬೇಕು.”